ಹಿಂದಿನ ಅಗಲದ ಟೈರುಗಳನ್ನು ಬಿಟ್ಟು ನಾಲ್ಕಕ್ಕೂ ಒಂದೇ ಅಳತೆ

ನನ್ನ ಕಾರು ಹಿಂಬದಿ ಚಕ್ರಗಳಿಗೆ ಶಕ್ತಿ ಹೋಗುವ ಸಾಧಾರಣ ಸೆಡಾನ್. ಎರಡು ಲೀಟರ್ ಎಂಜಿನ್, ನಾಲ್ಕು ಬಾಗಿಲು, ದಿನದ ಓಡಾಟಕ್ಕೂ ದೂರದ ಪ್ರಯಾಣಕ್ಕೂ ಅದೊಂದೇ. ಕಾರ್ಖಾನೆಯಿಂದ ಬರುವಾಗಲೇ ಅದಕ್ಕೆ ಮುಂದೆ 225/40 ಆರ್18, ಹಿಂದೆ 255/35 ಆರ್18 ಟೈರುಗಳಿದ್ದವು. ಮೊದಲ ಅಂಕಿ ಟೈರಿನ ಅಗಲ, ಮಿ.ಮೀ. ಲೆಕ್ಕದಲ್ಲಿ; ಉಳಿದವುಗಳ ಅರ್ಥ ಮುಂದೆ ಬರುತ್ತದೆ. ರಿಮ್‌ಗಳೂ ಬೇರೆ ಬೇರೆ: ಮುಂದೆ 8ಜೆ, ಇಟಿ34, ಹಿಂದೆ 8.5ಜೆ, ಇಟಿ37 (ಜೆ ಜೊತೆಗಿನ ಅಂಕಿ ರಿಮ್‌ನ ಅಗಲ, ಇಂಚಿನಲ್ಲಿ; ಇಟಿ ಏನೆಂದು ಮುಂದೆ ಹೇಳುತ್ತೇನೆ). ಮುಂದೆ ಕಿರಿದು, ಹಿಂದೆ ಅಗಲ ಇರುವ ಇಂಥ ಜೋಡಣೆಗೆ ಸ್ಟ್ಯಾಗರ್ಡ್ ಎನ್ನುತ್ತಾರೆ; ನಾಲ್ಕೂ ಒಂದೇ ಅಳತೆಯಾದರೆ ಸ್ಕ್ವೇರ್. ಹಿಂದಿನ ಜೋಡಿ ಸವೆದು ಹೊಸದನ್ನು ಕೊಳ್ಳುವ ಹೊತ್ತು ಬಂದಾಗ ಹಳೆಯ ಅಳತೆಗೆ ಮರಳದೆ ನಾಲ್ಕನ್ನೂ ಸಮ ಮಾಡಿದೆ. ಕೆಲವು ಕಾರುಗಳಲ್ಲಿ ಈ ಕೆಲಸಕ್ಕೆ ಕೈ ಹಾಕಲೇಬಾರದು. ಆ ಮಾತಿಗೂ ಮುಂದೆ ಬರುತ್ತೇನೆ.

ನನ್ನನ್ನು ಮೊದಲು ಕಾಡಿದ್ದು ಸವೆತ. ಹಿಂಬದಿ ಚಾಲನೆಯ ಕಾರಿನಲ್ಲಿ ಎಳೆಯುವ ಕೆಲಸವೆಲ್ಲ ಹಿಂದಿನ ಟೈರುಗಳದ್ದು. ಸಾಲದ್ದಕ್ಕೆ ಹಿಂದಿನ ಚಕ್ರಗಳು ಮೇಲ್ಭಾಗದಲ್ಲಿ ಒಳಕ್ಕೆ ವಾಲಿರುತ್ತವೆ. ಇದು ಋಣ ಕ್ಯಾಂಬರ್, ತಿರುವಿನಲ್ಲಿ ಹಿಡಿತ ಸಿಗಲೆಂದು ಕಾರ್ಖಾನೆಯವರೇ ಕೊಟ್ಟದ್ದು. ಟೈರು ಅಗಲವಾದಷ್ಟೂ ಅದರ ಒಳಅಂಚಿನ ಮೇಲೆ ಈ ವಾಲಿಕೆಯ ಹೊರೆ ಎದ್ದು ಕಾಣುತ್ತದೆ. ಹೊರಗಿನಿಂದ ನೋಡಿದರೆ ಟ್ರೆಡ್, ಅಂದರೆ ನೆಲಕ್ಕೆ ತಾಗುವ ಗೀರುಗಳ ಮೈ, ಚೆನ್ನಾಗಿಯೇ ಇದೆ ಅನ್ನಿಸುತ್ತದೆ. ಕಾರನ್ನು ಎತ್ತಿ ಒಳಗೆ ಕೈಯಾಡಿಸಿದರೆ ಸವೆತದ ಗುರುತಿನ 1.6 ಮಿ.ಮೀ. ಪಟ್ಟಿ ಬೆರಳಿಗೆ ತಾಗುತ್ತದೆ. ನಾಲ್ಕೂ ಸಮವಾಗಿದ್ದರೆ ಹಿಂದಿನದನ್ನು ಮುಂದಕ್ಕೆ, ಮುಂದಿನದನ್ನು ಹಿಂದಕ್ಕೆ ಹಾಕಿ ಸವೆತವನ್ನು ಹಂಚಬಹುದು. ಸ್ಟ್ಯಾಗರ್ಡ್‌ನಲ್ಲಿ ಎಡದ್ದನ್ನು ಬಲಕ್ಕೆ ಹಾಕುವುದಷ್ಟೇ ಸಾಧ್ಯ. ಉರುಳುವ ದಿಕ್ಕಿನ ಬಾಣ ಇರುವ ಟೈರಾದರೆ ರಿಮ್‌ನಿಂದ ಬಿಚ್ಚಿ ಮತ್ತೆ ಕೂರಿಸದೆ ಅದೂ ಸಾಧ್ಯವಿಲ್ಲ.

ಎರಡನೆಯದು ಸ್ಟೆಪ್ನಿ. ಒಂದು ಸ್ಟೆಪ್ನಿ ಎರಡು ಅಳತೆಗೆ ಹೊಂದಲಾರದು. ಅದಕ್ಕಾಗಿಯೇ ಇಂಥ ಎಷ್ಟೋ ಕಾರುಗಳು ರನ್‌ಫ್ಲ್ಯಾಟ್ ಟೈರು (ಗಾಳಿ ಹೋದರೂ ಸ್ವಲ್ಪ ದೂರ ಓಡುವಂಥದ್ದು) ಅಥವಾ ಕಿರಿದಾದ ತಾತ್ಕಾಲಿಕ ಚಕ್ರದೊಂದಿಗೆ ಬರುತ್ತವೆ. ದೂರದ ಪ್ರಯಾಣದಲ್ಲಿ ಪೂರ್ತಿ ಅಳತೆಯ ಒಂದು ಚಕ್ರ ಡಿಕ್ಕಿಯಲ್ಲಿ ಇರಬೇಕು ಎನ್ನುವುದು ನನ್ನ ಹಟ.

ಇಷ್ಟಕ್ಕೇ ನಿರ್ಧಾರಕ್ಕೆ ಬರುವವರು ಬಹಳ ಮಂದಿ. ನಾನು ನಿಂತು ಯೋಚಿಸಿದ್ದು ಕಾರ್ಖಾನೆಯವರು ಹಿಂದೆ ಅಗಲದ ಟೈರು ಕೊಟ್ಟದ್ದಾದರೂ ಏಕೆ ಎಂದು. ಅಂದಕ್ಕೆ ಎನ್ನುವುದು ಅರ್ಧ ಉತ್ತರ. ಶಕ್ತಿ ಹೆಚ್ಚಿರುವ ಎಂಜಿನ್ ಆದರೆ ಆ ಶಕ್ತಿಯನ್ನು ನೆಲಕ್ಕೆ ಇಳಿಸಲು ಅಗಲ ಬೇಕು ಎನ್ನುವುದು ಇನ್ನೊಂದು ಕಾಲು. ಉಳಿದ ಕಾಲು ಪಾಲೇ ಮುಖ್ಯವಾದದ್ದು. ತಿರುವಿನಲ್ಲಿ ಟೈರು ತಾನು ನೋಡುತ್ತಿರುವ ದಿಕ್ಕಿಗೇ ನೇರವಾಗಿ ಸಾಗುವುದಿಲ್ಲ, ಸ್ವಲ್ಪ ಕೋನದಲ್ಲಿ ಸಾಗುತ್ತದೆ. ಆ ಕೋನದಿಂದಲೇ ಪಕ್ಕದ ಹಿಡಿತ ಹುಟ್ಟುತ್ತದೆ. ಒಂದೇ ಬಲಕ್ಕೆ ಅಗಲದ ಟೈರಿಗೆ ಸಣ್ಣ ಕೋನ ಸಾಕು, ಕಿರಿದಾದ ಟೈರಿಗೆ ದೊಡ್ಡ ಕೋನ ಬೇಕು. ಹಿಂದೆ ಅಗಲ, ಮುಂದೆ ಕಿರಿದು ಎಂದಾಗ ಮಿತಿಯ ಹತ್ತಿರ ಮೊದಲು ಸೋಲುವುದು ಮುಂದಿನ ಜೋಡಿ. ಸ್ಟೀರಿಂಗ್ ತಿರುಗಿಸಿದಷ್ಟು ಕಾರು ತಿರುಗದೆ ಹೊರಕ್ಕೆ ಸಾಗುತ್ತದೆ. ಇದೇ ಅಂಡರ್‌ಸ್ಟೀರ್. ಆಗ ಹೆದರಿದ ಚಾಲಕ ಏನು ಮಾಡುತ್ತಾನೆ? ಆಕ್ಸಿಲರೇಟರ್‌ನಿಂದ ಕಾಲು ತೆಗೆಯುತ್ತಾನೆ, ವೇಗ ಇಳಿಯುತ್ತದೆ, ಮುಂದಿನ ಟೈರುಗಳಿಗೆ ಭಾರ ಬಂದು ಕಾರು ಮತ್ತೆ ಮಾತು ಕೇಳುತ್ತದೆ. ಹಿಂಭಾಗವೇ ಮೊದಲು ಜಾರಿದ್ದರೆ ಅದೇ ಹೆದರಿಕೆಯ ಪ್ರತಿಕ್ರಿಯೆ ಕಾರನ್ನು ತಿರುಗಿಸಿ ಬಿಸಾಡುತ್ತದೆ. ಅಂದರೆ ನನ್ನ ಕಾರಿನ ಹಿಂದೆ ಹೆಚ್ಚಾಗಿದ್ದ 30 ಮಿ.ಮೀ. ಅಗಲ ಸುರಕ್ಷತೆಗೆಂದು ಬಿಟ್ಟ ಅಂತರ. ಅದನ್ನು ತೆಗೆಯುವವರು ಏನನ್ನು ತೆಗೆಯುತ್ತಿದ್ದೇವೆ ಎಂದು ತಿಳಿದು ತೆಗೆಯಬೇಕು.

ಕಾರು ತಯಾರಕರು ಈ ಅಂತರವನ್ನು ಹೇಗೆ ಬಳಸುತ್ತಾರೆ ಎನ್ನುವುದಕ್ಕೆ ಹೋಂಡಾ ಎಸ್2000 ಒಳ್ಳೆಯ ಪಾಠ. 1999ರಲ್ಲಿ ಅದು ಬಂದಾಗ ಮುಂದೆ 205/55 ಆರ್16, ಹಿಂದೆ 225/50 ಆರ್16. ಹಿಂಭಾಗ ಥಟ್ಟನೆ ಜಾರುವ ಕಾರು ಎಂಬ ಹೆಸರು ಅದಕ್ಕೆ ಅಂಟಿಕೊಂಡಿತು. 2004ರ ಪರಿಷ್ಕರಣೆಯಲ್ಲಿ ಸಸ್ಪೆನ್ಷನ್ ಬದಲಾವಣೆಗಳ ಜೊತೆಗೆ ಮುಂದೆ 215/45 ಆರ್17, ಹಿಂದೆ 245/40 ಆರ್17 ಬಂದವು. ಅಗಲದ ವ್ಯತ್ಯಾಸ 20ರಿಂದ 30 ಮಿ.ಮೀ.ಗೆ ಏರಿತು. ಇದಕ್ಕೆ ತದ್ವಿರುದ್ಧ 2012ರ ಟೊಯೋಟಾ ಜಿಟಿ86: ನಾಲ್ಕಕ್ಕೂ 215/45 ಆರ್17, ಅದೂ ಅಷ್ಟೇನೂ ಅಂಟದ ಟೈರುಗಳು, ಕಾರು ಸಲೀಸಾಗಿ ಆಡಲಿ ಎಂದೇ. ಪೋರ್ಷೆ 911ರಲ್ಲಿ ಎಂಜಿನ್ ಹಿಂದಿನ ಅಚ್ಚಿನಿಂದಲೂ ಹಿಂದಕ್ಕೆ ಕೂತಿದೆ, ಭಾರವೆಲ್ಲ ಅಲ್ಲಿಯೇ. ಅದರ 992 ಎಂಬ ಪೀಳಿಗೆಯ ಕರೆರಾ ಮಾದರಿಯಲ್ಲಿ ಮುಂದೆ 235/40 ಆರ್19, ಹಿಂದೆ 295/35 ಆರ್20. ಅದನ್ನು ಸಮ ಮಾಡುವ ಆಲೋಚನೆಯೇ ಹುಚ್ಚು. ಮುಂಭಾಗ ಭಾರವಿರುವ ಆಡಿ ಆರ್‌ಎಸ್3 ಉಲ್ಟಾ ದಾರಿ ಹಿಡಿದಿದೆ: ಇತ್ತೀಚಿನ ಪೀಳಿಗೆಯಲ್ಲಿ ಮುಂದೆ 265, ಹಿಂದೆ 245. ಕಾರಿನ ಭಾರ ಎಲ್ಲಿದೆ, ಶಕ್ತಿ ಯಾವ ಚಕ್ರಕ್ಕೆ ಹೋಗುತ್ತದೆ, ಚಾಲಕನಿಗೆ ಎಷ್ಟು ಸಲುಗೆ ಕೊಡಬೇಕು ಎನ್ನುವ ಮೂರು ಪ್ರಶ್ನೆಗಳಿಗೆ ಕಾರ್ಖಾನೆ ಕೊಟ್ಟ ಉತ್ತರ ಟೈರಿನ ಪಕ್ಕೆಯ ಮೇಲಿನ ಅಂಕಿಗಳಲ್ಲಿ ಇರುತ್ತದೆ.

ನನ್ನ ಕಾರಿನಲ್ಲಿ ಭಾರ ಮುಂದೆ ಹಿಂದೆ ಹೆಚ್ಚುಕಡಿಮೆ ಸಮವಾಗಿದೆ. ಎಂಜಿನ್ನಿನ ಶಕ್ತಿ 255ರ ಅಗಲವನ್ನು ಬೇಡುವಷ್ಟಿಲ್ಲ. ಒಣ ರಸ್ತೆಯಲ್ಲಿ ಹಿಂದಿನ ಟೈರುಗಳು ಗಿರ್ರನೆ ತಿರುಗಿದ್ದನ್ನು ನಾನು ಕಂಡೇ ಇಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಕಾರಿನ ಕೈಪಿಡಿಯ ಅಳತೆಗಳ ಪಟ್ಟಿಯಲ್ಲಿ ನಾಲ್ಕಕ್ಕೂ 225/40 ಆರ್18 ಎನ್ನುವುದೂ ಇತ್ತು. ತಯಾರಕರೇ ಒಪ್ಪಿದ ಸಮ ಅಳತೆ ಇದೆ ಎಂದಾದರೆ ಅರ್ಧ ಚಿಂತೆ ಕಳೆದಂತೆ. ಚಾಲಕನ ಬಾಗಿಲ ಚೌಕಟ್ಟಿನ ಚೀಟಿ, ಕೈಪಿಡಿ, ಕೆಲವು ಕಾರುಗಳಲ್ಲಿ ಇಂಧನ ಟ್ಯಾಂಕಿನ ಮುಚ್ಚಳದ ಒಳಮೈ, ಇವಿಷ್ಟನ್ನು ಮೊದಲು ಓದಿ. ಅಲ್ಲಿ ಒಂದೇ ಒಂದು ಸಮ ಅಳತೆಯೂ ಇಲ್ಲದಿದ್ದರೆ ಅದಕ್ಕೆ ಕಾರಣವಿರುತ್ತದೆ.

ಸಮ ಮಾಡುವುದಕ್ಕೆ ಎರಡು ದಾರಿಗಳಿವೆ, ಈ ವಿಷಯವನ್ನು ಮಾತಾಡುವವರು ಕಡಿಮೆ. ಹಿಂದಿನದನ್ನು ಕಿರಿದು ಮಾಡಬಹುದು, ಇಲ್ಲವೇ ಮುಂದಿನದನ್ನು ಅಗಲ ಮಾಡಬಹುದು. ಎರಡರಲ್ಲೂ ಮುಂದು ಹಿಂದಿನ ಸಮತೋಲ ಒಂದೇ ದಿಕ್ಕಿಗೆ ಸರಿಯುತ್ತದೆ. ಆದರೆ ಒಂದರಲ್ಲಿ ಕಾರಿನ ಒಟ್ಟು ಹಿಡಿತ ಇಳಿಯುತ್ತದೆ, ಇನ್ನೊಂದರಲ್ಲಿ ಏರುತ್ತದೆ. ಓಟದ ಅಂಗಳಕ್ಕೆ ಹೋಗುವವರು ಎರಡನೆಯ ದಾರಿಯನ್ನೇ ಹಿಡಿಯುತ್ತಾರೆ. ನಾನೂ ಅದನ್ನೇ ಮೊದಲು ಪರೀಕ್ಷಿಸಿದೆ.

ಲೆಕ್ಕ ಹೀಗಿದೆ. 225/40 ಆರ್18 ಎಂದರೆ 225 ಮಿ.ಮೀ. ಅಗಲ, ಪಕ್ಕೆಯ ಎತ್ತರ ಅದರ ಶೇ. 40, ಅಂದರೆ 90 ಮಿ.ಮೀ.; ರಿಮ್ 18 ಇಂಚು, ಅಂದರೆ 457.2 ಮಿ.ಮೀ. ಒಟ್ಟು ವ್ಯಾಸ 457.2ಕ್ಕೆ ಎರಡು 90 ಸೇರಿಸಿ 637.2 ಮಿ.ಮೀ. ಹಿಂದಿನ 255/35 ಆರ್18ಕ್ಕೆ ಇದೇ ರೀತಿ 635.7. ಎರಡರ ನಡುವೆ ಒಂದೂವರೆ ಮಿ.ಮೀ. ಮಾತ್ರ ವ್ಯತ್ಯಾಸ. ಕಾರ್ಖಾನೆಯ ಸ್ಟ್ಯಾಗರ್ಡ್ ಜೋಡಣೆಯಲ್ಲಿ ಅಗಲ ಬೇರೆಯಾದರೂ ಉರುಳುವ ಸುತ್ತಳತೆ ಹೆಚ್ಚುಕಡಿಮೆ ಒಂದೇ ಇರುವಂತೆ ನೋಡಿಕೊಂಡಿರುತ್ತಾರೆ, ಏಕೆಂದರೆ ಎಬಿಎಸ್ ಮತ್ತು ಜಾರಿಕೆ ತಡೆಯುವ ವ್ಯವಸ್ಥೆ ನಾಲ್ಕು ಚಕ್ರಗಳ ವೇಗವನ್ನು ಹೋಲಿಸುತ್ತಲೇ ಇರುತ್ತವೆ. ಈಗ ಅಗಲದ ದಾರಿ: 8.5ಜೆ ರಿಮ್‌ಗೆ ನಾಲ್ಕೂ ಕಡೆ 245/35 ಆರ್18 ಹಾಕಿದರೆ ವ್ಯಾಸ 628.7ಕ್ಕೆ ಇಳಿಯುತ್ತದೆ, ಶೇ. 1.3ರಷ್ಟು ಕಡಿಮೆ. 235/40 ಆರ್18 ಹಾಕಿದರೆ 645.2ಕ್ಕೆ ಏರುತ್ತದೆ, ಹತ್ತಿರಹತ್ತಿರ ಅಷ್ಟೇ ಹೆಚ್ಚು. ಎರಡೂ ಸಹಿಸಬಹುದಾದವು. ತೊಡಕು ವ್ಯಾಸದಲ್ಲಿ ಬರಲಿಲ್ಲ, ಜಾಗದಲ್ಲಿ ಬಂತು.

ಇಟಿ ಎಂದರೆ ಆಫ್‌ಸೆಟ್: ರಿಮ್‌ನ ನಡುಗೆರೆಯಿಂದ ಹಬ್‌ಗೆ (ಚಕ್ರವನ್ನು ಬೋಲ್ಟ್ ಹಾಕಿ ಕಟ್ಟುವ ಭಾಗಕ್ಕೆ) ಅಂಟುವ ಮುಖ ಎಷ್ಟು ಮಿ.ಮೀ. ಹೊರಕ್ಕಿದೆ ಎನ್ನುವ ಅಂಕಿ. ಅಂಕಿ ದೊಡ್ಡದಾದಷ್ಟೂ ಚಕ್ರ ಒಳಕ್ಕೆ ಸರಿಯುತ್ತದೆ. ಹಿಂದಿನ 8.5ಜೆ ಇಟಿ37 ರಿಮ್ಮನ್ನು ಮುಂದೆ ಹಾಕಿದರೆ ರಿಮ್‌ನ ಹೊರಅಂಚು 3.35 ಮಿ.ಮೀ. ಹೊರಕ್ಕೆ, ಒಳಅಂಚು 9.35 ಮಿ.ಮೀ. ಒಳಕ್ಕೆ ಹೋಗುತ್ತದೆ. ಅರ್ಧ ಇಂಚಿನ ಅರ್ಧ 6.35, ಅದರಿಂದ ಹೊರಗಡೆಗೆ ಆಫ್‌ಸೆಟ್ಟಿನ 3 ಕಳೆಯಿರಿ, ಒಳಗಡೆಗೆ ಕೂಡಿಸಿ. ಆದರೆ ರಿಮ್ ನೋಡಿ ಸುಮ್ಮನಾಗಬಾರದು, ಉಬ್ಬಿ ನಿಲ್ಲುವುದು ಟೈರಿನ ಪಕ್ಕೆ. 225ರ ಬದಲು 245 ಎಂದರೆ ಪ್ರತಿ ಪಕ್ಕೆಗೆ 10 ಮಿ.ಮೀ., ಒಳಗಡೆ ಆಫ್‌ಸೆಟ್ಟಿನ 3 ಸೇರಿ 13 ಮಿ.ಮೀ. ನನ್ನ ಕಾರಿನ ಮುಂದೆ ಟೈರಿಗೂ ಅದರ ಒಳಬದಿಯಲ್ಲಿ ನಿಂತಿರುವ ಸಸ್ಪೆನ್ಷನ್ ಕಂಬವಾದ ಸ್ಟ್ರಟ್ಟಿಗೂ ಇದ್ದ ಸಂದು ಸುಮಾರು 15 ಮಿ.ಮೀ. ಕಾಗದದ ಮೇಲೆ ಎರಡು ಮಿ.ಮೀ. ಉಳಿಯುತ್ತದೆ, ರಸ್ತೆಯ ಮೇಲೆ ಅದು ಏನೂ ಉಳಿದಂತಲ್ಲ. ತಿರುವಿನಲ್ಲಿ ಟೈರು ಬಾಗುತ್ತದೆ, ರಬ್ಬರ್ ಬುಷ್‌ಗಳು ಕದಲುತ್ತವೆ, ಕೆಸರು ಮೆತ್ತಿಕೊಳ್ಳುತ್ತದೆ.

ಲೆಕ್ಕವನ್ನಷ್ಟೇ ನಂಬದೆ ಹಿಂದಿನ ಚಕ್ರವನ್ನೇ ಮುಂದೆ ಕಟ್ಟಿ ನೋಡಿದೆ. ಸ್ಟ್ರಟ್ಟಿನ ಮೇಲೆ ಮಕ್ಕಳು ಆಡುವ ಮಣ್ಣಿನ ಉಂಡೆ ಅಂಟಿಸಿ, ಚಕ್ರ ಕೂರಿಸಿ, ಕೈಯಲ್ಲಿ ತಿರುಗಿಸಿ ಬಿಚ್ಚಿದರೆ ಉಳಿದ ಮಣ್ಣಿನ ದಪ್ಪವೇ ಸಂದಿನ ಅಳತೆ. ನನ್ನ ಹಿಂದಿನ ಟೈರು 255 ಆಗಿದ್ದರಿಂದ ಅದು ಸ್ಟ್ರಟ್ಟಿಗೆ ತಗುಲಿಯೇ ತಗುಲಿತು. 245ಕ್ಕೆ ಎಷ್ಟು ಉಳಿದೀತು ಎನ್ನುವುದು ಸ್ಪಷ್ಟವಾಯಿತು. ಹಬ್‌ಗೂ ರಿಮ್‌ಗೂ ನಡುವೆ ಸ್ಪೇಸರ್ ಎಂಬ ಬಿಲ್ಲೆ ಹಾಕಿ ಚಕ್ರವನ್ನು ಹೊರಕ್ಕೆ ತಳ್ಳಬಹುದಿತ್ತು. ಹಾಗೆ ಮಾಡಿದರೆ ಉದ್ದದ ಬೋಲ್ಟ್ ಬೇಕು, ಬೇರಿಂಗ್ ಮೇಲೆ ಬೀಳುವ ಸನ್ನೆಯ ಹೊರೆ ಹೆಚ್ಚುತ್ತದೆ, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟೈರು ಫೆಂಡರಿನ ಒಳಗವಚಕ್ಕೆ ಉಜ್ಜುತ್ತದೆ. ದಿನದ ಕಾರಿಗೆ ಈ ಸರ್ಕಸ್ಸು ಬೇಡವೆಂದು ಕಿರಿದಿನ ದಾರಿ ಹಿಡಿದೆ: ಅದೇ ವಿನ್ಯಾಸದ ಇನ್ನೆರಡು 8ಜೆ ಇಟಿ34 ರಿಮ್, ನಾಲ್ಕೂ 225/40 ಆರ್18. ಹಿಂಭಾಗದಲ್ಲಿ ಜಾಗದ ಪ್ರಶ್ನೆಯೇ ಇಲ್ಲ, ಎಲ್ಲ ಕಡೆಯೂ ಸಂದು ಹೆಚ್ಚೇ ಆಯಿತು.

ಭಾರ ಹೊರುವ ಅಂಕಿಯನ್ನು ಮಾತ್ರ ಯಾರೂ ಹಾರಿಸಬಾರದು. ನಾನು ತೆಗೆದ 255ರ ಟೈರಿನ ಮೇಲೆ 94 ಎಂದಿತ್ತು, ಅಂದರೆ ಒಂದು ಟೈರಿಗೆ 670 ಕಿಲೋ. ಹೊಸ 225ರ ಎಕ್ಸ್‌ಎಲ್ (ಹೆಚ್ಚು ಭಾರ ಹೊರಲು ಬಲಪಡಿಸಿದ) ಟೈರಿನ ಮೇಲೆ 92, ಅಂದರೆ 630 ಕಿಲೋ, ಜೋಡಿಗೆ 1,260. ಬಾಗಿಲ ಚೀಟಿಯಲ್ಲಿ ಹಿಂದಿನ ಅಚ್ಚಿಗೆ ಹೇಳಿದ ಗರಿಷ್ಠ ಭಾರ 1,100 ಕಿಲೋ ಆಸುಪಾಸು, ಹಾಗಾಗಿ ಒಪ್ಪಿತು. ಎಕ್ಸ್‌ಎಲ್ ಇಲ್ಲದ ಅಗ್ಗದ ಟೈರಿನಲ್ಲಿ ಈ ಅಂಕಿ ಕೆಳಗಿರುತ್ತದೆ. ಟೈರುಗಳು ಒಳಮೈ ಹೊರಮೈ ಗುರುತಿರುವ ಅಸಮ ವಿನ್ಯಾಸದವೇ ಆಗಲಿ ಎಂದು ಆರಿಸಿದೆ. ಇವನ್ನು ರಿಮ್ ಸಮೇತ ಯಾವ ಮೂಲೆಗೆ ಹಾಕಿದರೂ ಹೊರಮೈ ಹೊರಗೇ ಉಳಿಯುತ್ತದೆ. ದಿಕ್ಕಿನ ಬಾಣದ ಟೈರು ಕೊಂಡಿದ್ದರೆ ಸಮ ಅಳತೆಯ ಅರ್ಧ ಲಾಭ ಅಲ್ಲಿಗೇ ಮುಗಿಯುತ್ತಿತ್ತು.

ಕೂರಿಸುವಾಗ ಹಬ್‌ನ ಮುಖದ ತುಕ್ಕನ್ನು ತಂತಿ ಬ್ರಷ್ಷಿನಿಂದ ಉಜ್ಜಿ ತೆಗೆದೆ, ರಿಮ್‌ನ ನಡುರಂಧ್ರ ಹಬ್‌ಗೆ ಸರಿಯಾಗಿ ಹಿಡಿಯುವುದನ್ನು ನೋಡಿದೆ. ಬೋಲ್ಟ್‌ಗಳನ್ನು ನಕ್ಷತ್ರದ ಕ್ರಮದಲ್ಲಿ ಬಿಗಿದು, ಟಾರ್ಕ್ ರೆಂಚಿನಿಂದ ನನ್ನ ಕಾರಿನ ಕೈಪಿಡಿ ಹೇಳುವ 120 ನ್ಯೂಟನ್ ಮೀಟರ್‌ಗೆ ನಿಲ್ಲಿಸಿ, ಸ್ವಲ್ಪ ಓಡಿಸಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿದೆ. ಟೈರಿನ ಗಾಳಿ ಎಚ್ಚರಿಕೆಯ ವ್ಯವಸ್ಥೆ ಚಕ್ರದ ವೇಗ ನೋಡಿ ಅಂದಾಜು ಮಾಡುವಂಥದ್ದಾದ್ದರಿಂದ ಅದನ್ನೂ ಹೊಸದಾಗಿ ಹೊಂದಿಸಿದೆ. ವೀಲ್ ಅಲೈನ್‌ಮೆಂಟಿನಲ್ಲಿ ಹಿಂದಿನ ಟೋ ಕೋನವನ್ನು (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಅನುಮತಿಸಿದ ಮಿತಿಯ ಕೆಳ ತುದಿಗೆ ಇಟ್ಟೆ. ಒಳಅಂಚಿನ ಸವೆತಕ್ಕೆ ಎಲ್ಲರೂ ಕ್ಯಾಂಬರನ್ನು ದೂರುತ್ತಾರೆ. ಟೈರನ್ನು ಹೆಚ್ಚಾಗಿ ತಿನ್ನುವುದು ಟೋ.

ಗಾಳಿಯ ಒತ್ತಡ ಸ್ವಲ್ಪ ಕಾಲ ಕೆಲಸ ಕೊಟ್ಟಿತು. ಕೈಪಿಡಿಯಲ್ಲಿ ಸಮ ಅಳತೆಗೆ ಬೇರೆಯದೇ ಒತ್ತಡ ಇತ್ತು, ಅಲ್ಲಿಂದಲೇ ಶುರು ಮಾಡಿದೆ. ಟ್ರೆಡ್‌ನ ಅಡ್ಡಕ್ಕೆ ಸೀಮೆಸುಣ್ಣದ ಗೆರೆ ಎಳೆದು ಸ್ವಲ್ಪ ದೂರ ನೇರವಾಗಿ ಓಡಿಸಿದರೆ ಗೆರೆ ಎಲ್ಲಿ ಅಳಿಯಿತು, ಎಲ್ಲಿ ಉಳಿಯಿತು ಎನ್ನುವುದು ಟೈರು ನೆಲಕ್ಕೆ ಹೇಗೆ ಕೂತಿದೆ ಎಂದು ತೋರಿಸುತ್ತದೆ. ನಡುವೆ ಅಳಿದು ಅಂಚಿನಲ್ಲಿ ಉಳಿದರೆ ಗಾಳಿ ಹೆಚ್ಚು. ಪೂರ್ತಿ ಭಾರ ಹೇರಿದ ದಿನ ಹಿಂದಿನದಕ್ಕೆ ಕೈಪಿಡಿಯ ಮೇಲಿನ ಅಂಕಿಯನ್ನೇ ಹಾಕುತ್ತೇನೆ, ಆ ವಿಷಯದಲ್ಲಿ ಪ್ರಯೋಗ ಮಾಡುವುದಿಲ್ಲ.

ಇನ್ನು ಓಡಿಸಿದಾಗ ಏನು ಬದಲಾಯಿತು ಎನ್ನುವುದು. ಅಭಿಪ್ರಾಯವನ್ನು ನಂಬುವುದಕ್ಕಿಂತ ಒಂದು ಸರಳ ಪರೀಕ್ಷೆ ಒಳ್ಳೆಯದು. ಅನುಮತಿ ಇರುವ ವಿಶಾಲವಾದ ಖಾಲಿ ಅಂಗಳದಲ್ಲಿ ಒಂದೇ ಸುತ್ತಳತೆಯ ವೃತ್ತದಲ್ಲಿ ಸುತ್ತುತ್ತ ವೇಗವನ್ನು ಮೆಲ್ಲನೆ ಏರಿಸುವುದು. ವೃತ್ತದಲ್ಲೇ ಉಳಿಯಲು ಸ್ಟೀರಿಂಗನ್ನು ಎಷ್ಟು ಹೆಚ್ಚು ತಿರುಗಿಸಬೇಕಾಗುತ್ತದೆ ಎನ್ನುವುದೇ ಅಂಡರ್‌ಸ್ಟೀರಿನ ಅಳತೆ. ಟೈರು ಬದಲಿಸುವ ಮೊದಲೂ ಇದನ್ನು ಮಾಡಿ ನೋಡಿದ್ದೆ. ಮೊದಲು ಮಿತಿಯ ಹತ್ತಿರ ಸ್ಟೀರಿಂಗ್ ಇನ್ನಷ್ಟು, ಇನ್ನಷ್ಟು ಎಂದು ಕೇಳುತ್ತಿತ್ತು, ಕಾರು ಹೊರಕ್ಕೆ ಸರಿಯುತ್ತಲೇ ಇತ್ತು. ಸಮ ಮಾಡಿದ ಮೇಲೆ ಆ ಕೇಳಿಕೆ ಗಮನಕ್ಕೆ ಬರುವಷ್ಟು ಇಳಿದಿದೆ. ಸುತ್ತುತ್ತಿರುವಾಗಲೇ ಆಕ್ಸಿಲರೇಟರ್ ಬಿಟ್ಟರೆ ಮೂತಿ ಒಳಕ್ಕೆ ಚುರುಕಾಗಿ ಬರುತ್ತದೆ. ಇದೇ ಚುರುಕು ಒದ್ದೆ ರಸ್ತೆಯಲ್ಲಿ ಎಚ್ಚರಿಕೆ ಬೇಡುತ್ತದೆ. ಮಳೆಯಲ್ಲಿ ಎರಡನೇ ಗೇರಿನಲ್ಲಿ ತಿರುವಿನಿಂದ ಹೊರಬರುತ್ತ ಕಾಲು ಒತ್ತಿದರೆ ಜಾರಿಕೆ ತಡೆಯುವ ವ್ಯವಸ್ಥೆಯ ದೀಪ ಹಿಂದಿಗಿಂತ ಬೇಗ ಮಿನುಗುತ್ತದೆ. ಆ ವ್ಯವಸ್ಥೆಯನ್ನು ಆಫ್ ಮಾಡಿ ಓಡಿಸುವ ಅಭ್ಯಾಸವಿದ್ದವರಿಗೆ ಸಮ ಅಳತೆಯನ್ನು ನಾನು ಸೂಚಿಸಲಾರೆ. ನಿಂತ ನೀರಿನ ಮೇಲೆ ಮಾತ್ರ ಕಿರಿದಾದ ಟೈರಿಗೇ ಲಾಭ: ಅಗಲದ ಟೈರು ಅದೇ ಭಾರಕ್ಕೆ ಹೆಚ್ಚು ನೀರನ್ನು ಪಕ್ಕಕ್ಕೆ ತಳ್ಳಬೇಕಾಗುತ್ತದೆ, ಬೇಗ ತೇಲುತ್ತದೆ.

ನೇರ ರಸ್ತೆಯಲ್ಲಿ ವ್ಯತ್ಯಾಸ ಏನೂ ಇಲ್ಲ. ಮೈಲೇಜಿನಲ್ಲೂ ಗುರುತಿಸುವಂಥದ್ದು ಕಾಣಲಿಲ್ಲ. ಅಂದ? ಹಿಂದಿನ ಟೈರಿನ ಹೊರಪಕ್ಕೆ ಮೊದಲಿಗಿಂತ 12 ಮಿ.ಮೀ. ಒಳಗಿದೆ. ನಿಂತ ಕಾರನ್ನು ಹಿಂದಿನಿಂದ ನೋಡಿ ಮೆಚ್ಚುವವರಿಗೆ ಇದು ಸಂಕಟದ ವಿಷಯ. ನಾನು ಕಾರಿನ ಒಳಗೆ ಕೂರುವವನು.

ನಾಲ್ಕೂ ಚಕ್ರಗಳಿಗೆ ಶಕ್ತಿ ಹೋಗುವ ಕಾರಿನಲ್ಲಿ ಲೆಕ್ಕ ಇನ್ನೂ ಬಿಗಿ. ಅಲ್ಲಿ ಮುಂದು ಹಿಂದಿನ ಸುತ್ತಳತೆ ಬೇರೆಯಾದರೆ ಮುಂದಕ್ಕೂ ಹಿಂದಕ್ಕೂ ಶಕ್ತಿ ಹಂಚುವ ಮಧ್ಯದ ಡಿಫರೆನ್ಷಿಯಲ್ ಅಥವಾ ಟ್ರಾನ್ಸ್‌ಫರ್ ಕೇಸಿನ ಕ್ಲಚ್ ನೇರ ರಸ್ತೆಯಲ್ಲೂ ಒದ್ದಾಡುತ್ತಲೇ ಇರುತ್ತದೆ, ಬಿಸಿಯಾಗಿ ಸವೆಯುತ್ತದೆ. ಸ್ಟ್ಯಾಗರ್ಡ್ ಆಗಲೇಬಾರದು ಎಂದಲ್ಲ. ನಿಸ್ಸಾನ್ ಜಿಟಿ-ಆರ್ ಮುಂದೆ 255/40, ಹಿಂದೆ 285/35, ಎರಡೂ 20 ಇಂಚಿನವು, ಸುತ್ತಳತೆ ಹೊಂದಿಸಿಕೊಂಡೇ ಬರುತ್ತಿತ್ತು. ಆದರೆ ಸವೆತವನ್ನು ಸೇರಿಸಿ ನೋಡಿ. 8 ಮಿ.ಮೀ. ಟ್ರೆಡ್‌ನ ಟೈರು 4ಕ್ಕೆ ಬಂದರೆ ವ್ಯಾಸದಲ್ಲಿ 8 ಮಿ.ಮೀ. ಹೋಯಿತು. ನನ್ನ ಎರಡು ಹಳೆಯ ಅಳತೆಗಳ ನಡುವಿನ ವ್ಯತ್ಯಾಸದ ಐದು ಪಟ್ಟಿಗೂ ಹೆಚ್ಚು ಇದು. ಅಂಥ ಕಾರಿನಲ್ಲಿ ಒಂದು ಜೋಡಿ ಹೊಸದು, ಒಂದು ಜೋಡಿ ಅರ್ಧ ಸವೆದದ್ದು ಎನ್ನುವುದೇ ಅಪಾಯ, ಮತ್ತು ಸ್ಟ್ಯಾಗರ್ಡ್‌ನಲ್ಲಿ ಆ ಸ್ಥಿತಿಯನ್ನು ತಪ್ಪಿಸಲು ಅದಲುಬದಲಿನ ದಾರಿಯಿಲ್ಲ. ಮುಂಬದಿ ಚಾಲನೆಯ ಕಾರಿಗೆ ಹಿಂದೆ ಅಗಲದ ಟೈರು ಹಾಕುವುದನ್ನು ಕಂಡಾಗ ಮಾತ್ರ ನನಗೆ ವಾದಿಸುವ ಉತ್ಸಾಹವೂ ಬರುವುದಿಲ್ಲ. ಎಳೆಯುವುದು, ತಿರುಗಿಸುವುದು, ಬ್ರೇಕಿನ ಬಹುಪಾಲು, ಎಲ್ಲವೂ ಮುಂದೆ, ಅಗಲ ಹಿಂದೆ.

ಈಗ 8,000 ಕಿ.ಮೀ. ಆಸುಪಾಸಿಗೊಮ್ಮೆ ಟೈರು ಅದಲುಬದಲು ಮಾಡುತ್ತೇನೆ. ಹಿಂಬದಿ ಚಾಲನೆಯ ಕಾರಿಗೆ ಕ್ರಮ ಹೀಗೆ: ಹಿಂದಿನವು ಅದೇ ಬದಿಯಲ್ಲಿ ನೇರ ಮುಂದಕ್ಕೆ, ಮುಂದಿನವು ಅಡ್ಡ ದಾಟಿ ಹಿಂದಕ್ಕೆ. ಪ್ರತಿ ಸಲವೂ ಒಳಅಂಚು, ನಡು, ಹೊರಅಂಚು ಮೂರೂ ಕಡೆ ಆಳವನ್ನು ಅಳೆದು ಬರೆದಿಡುತ್ತೇನೆ. ನಾಲ್ಕೂ ಹೆಚ್ಚುಕಡಿಮೆ ಒಟ್ಟಿಗೇ ಸವೆಯುತ್ತಿವೆ, ಅಂದರೆ ನಾಲ್ಕನ್ನೂ ಒಟ್ಟಿಗೇ ಕೊಳ್ಳಬೇಕಾಗುತ್ತದೆ. ಒಂದೇ ಸಲಕ್ಕೆ ದೊಡ್ಡ ಖರ್ಚು ಬೇಡ ಎನ್ನುವವರಿಗೆ ಇದು ಹಿಡಿಸದಿರಬಹುದು. ನಡುವೆ ಎಂದಾದರೂ ಎರಡೇ ಹೊಸ ಟೈರು ಹಾಕಬೇಕಾದರೆ ಅವು ಹೋಗುವುದು ಹಿಂದಕ್ಕೆ, ಮುಂದಿನವು ಎಷ್ಟೇ ಸವೆದಂತೆ ಕಂಡರೂ ಸರಿ. ಅಗಲದ ಅಂತರ ಇಲ್ಲದ ಕಾರಿನಲ್ಲಿ ಹಿಂಭಾಗಕ್ಕೆ ಉಳಿದಿರುವ ಆಸರೆ ಟ್ರೆಡ್‌ನ ಆಳವೊಂದೇ.